ಗಂಟಲು ಒಡೆದ ವರ್ಷ

ಮುಜೀಬನ ದನಿ ಮೊದಲ ಸಲ ಕೈಕೊಟ್ಟದ್ದು ಗೊರವನಹಳ್ಳಿಯಲ್ಲಿ, ತುಂಬಿದ ಸಭೆಯ ಎದುರಿಗೇ.

ಕಾರ್ತಿಕದ ಶುಕ್ರವಾರ. ಮಹಾಲಕ್ಷ್ಮಿಯ ದರ್ಶನ ಮುಗಿಸಿ ಬಸ್ಸಿಗೆ ಕಾಯುತ್ತಿದ್ದವರು ಪ್ರಸಾದದ ದೊನ್ನೆ ಹಿಡಿದುಕೊಂಡೇ ಶಾಮಿಯಾನದ ಕೆಳಗೆ ಬಂದು ಕೂತಿದ್ದರು. ಮಧುಗಿರಿಯ ನಾದಮಂಟಪ ಸಂಗೀತ ಶಾಲೆಯ ಮಕ್ಕಳ ಕಚೇರಿ ಎಂದರೆ ಆ ಸುತ್ತಿನಲ್ಲಿ ಜನ ಸೇರುತ್ತಿದ್ದರು, ಅದರಲ್ಲೂ ಮುಜೀಬ ಹಾಡುತ್ತಾನೆ ಎಂದರೆ. ಒಂಬತ್ತನೆಯ ತರಗತಿಯ ಸಣಕಲು ಹುಡುಗ. ಮೀಸೆ ಬರಲೋ ಬೇಡವೋ ಎಂದು ಯೋಚಿಸುತ್ತಿದ್ದ ಮುಖ. ಆದರೆ ಬಾಯಿ ತೆರೆದನೆಂದರೆ ದನಿ ನೇರ ಮೇಲಿನ ಷಡ್ಜಕ್ಕೆ ಹತ್ತಿ, ಅಲ್ಲೇ ಒಂದು ಮನೆ ಕಟ್ಟಿಕೊಂಡಂತೆ ನಿಂತುಬಿಡುತ್ತಿತ್ತು. ಅದನ್ನು ಕೇಳಲೆಂದೇ ಮುದುಕಿಯರು ಎರಡು ಬಸ್ಸು ಬಿಟ್ಟು ಕಾಯುತ್ತಿದ್ದುದುಂಟು.

ಅಂದು ಅವನು ಮೋಹನ ರಾಗದ ಒಂದು ಕೀರ್ತನೆ ಎತ್ತಿಕೊಂಡಿದ್ದ. ಅನುಪಲ್ಲವಿಯಲ್ಲಿ ದನಿ ಮೇಲಕ್ಕೆ ಏರಿತು. ಏರಿದ ಜಾಗದಲ್ಲಿ ನಿಲ್ಲಲಿಲ್ಲ. ಹಸಿ ಸೌದೆ ಸೀಳಿದ ಹಾಗೆ ಸದ್ದು ಮಾಡಿ ಎರಡು ಹೋಳಾಯಿತು. ಮುಂದೆ ಕೂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಪಿಟೀಲು ಹಿಡಿದು ಪಕ್ಕದಲ್ಲಿ ಕೂತಿದ್ದ ಶಾಲೆಯ ಹಿರಿಯರು ಮಹಾಲಿಂಗಯ್ಯ ಮೇಷ್ಟ್ರು ತಕ್ಷಣ ಅದೇ ಸ್ವರವನ್ನು ಕಮಾನಿನಲ್ಲಿ ಉದ್ದಕ್ಕೆ ಎಳೆದು, ಹುಡುಗನ ಮಾನ ಮುಚ್ಚಿದರು. ಮುಜೀಬ ಹೇಗೋ ಕೀರ್ತನೆ ಮುಗಿಸಿದ. ಮುಗಿಸಿ ವೇದಿಕೆಯ ಹಿಂದೆ ಹೋಗಿ, ನೀರಿನ ಡ್ರಮ್ಮಿನ ಪಕ್ಕ ನಿಂತು ಅತ್ತುಬಿಟ್ಟ.

ಮುಜೀಬ ಶಿರಾ ಪಟ್ಟಣದವನು. ಅಪ್ಪ ಹಬೀಬ್ ಸಾಬ್‌ಗೆ ಬಸ್‌ಸ್ಟ್ಯಾಂಡಿನ ಹಿಂದೆ ಹಾಸಿಗೆ ದಿಂಬು ಹೊಲಿಯುವ ಅಂಗಡಿ. ಮನೆಯಲ್ಲಿ ಸಂಗೀತ ಕಲಿತವರು ಯಾರೂ ಇರಲಿಲ್ಲ. ಪ್ರಾಥಮಿಕ ಶಾಲೆಯ ಪ್ರಸನ್ನಕುಮಾರ್ ಮೇಷ್ಟ್ರು ಬೆಳಗಿನ ಪ್ರಾರ್ಥನೆಯಲ್ಲಿ ಈ ಹುಡುಗನ ದನಿ ಕೇಳಿ, ಒಂದು ಭಾನುವಾರ ತಾವೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಮಧುಗಿರಿಗೆ ಕರೆದುಕೊಂಡು ಹೋಗಿದ್ದರು. ನಾದಮಂಟಪದಲ್ಲಿ ಮಕ್ಕಳನ್ನು ಏಳನೆಯ ತರಗತಿಗೆ ಸೇರಿಸಿಕೊಂಡು ಪಿಯುಸಿ ಮುಗಿಯುವವರೆಗೆ ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ಹಗಲು ಊರಿನ ಹೈಸ್ಕೂಲು, ಕಾಲೇಜು; ನಸುಕಿನಲ್ಲಿ ಮತ್ತು ಸಂಜೆ ಸಂಗೀತ. ಅಲ್ಲಿಂದ ಹೊರಟ ಮಕ್ಕಳು ಮೈಸೂರಿನ ಸಂಗೀತ ಕಾಲೇಜಿಗೆ ಹೋಗುವ ಹೊತ್ತಿಗೆ ಅರ್ಧ ವಿದ್ವಾಂಸರೇ ಆಗಿರುತ್ತಾರೆ ಎಂದು ಹೆಸರಿತ್ತು. ಅಲ್ಲಿ ಹಾಡುಗಾರಿಕೆ ಕಲಿಸುತ್ತಿದ್ದವರು ಶಾಂತಕುಮಾರಿ. ಕೊರಟಗೆರೆಯ ನಾದಸ್ವರದವರ ಮನೆಯ ಹೆಣ್ಣುಮಗಳು, ಐವತ್ತು ದಾಟಿದ್ದರು, ಆಕಾಶವಾಣಿಯಲ್ಲಿ ವರ್ಷಕ್ಕೊಮ್ಮೆ ಹಾಡುತ್ತಿದ್ದರು. ಮೊದಲ ದಿನ ಅವರು ಮುಜೀಬನಿಗೆ ಹಾಡು ಎನ್ನಲಿಲ್ಲ. ತಂಬೂರಿಯ ಒಂದು ತಂತಿಯನ್ನು ಕೂದಲೆಳೆಯಷ್ಟು ಸಡಿಲಿಸಿ ಮೀಟಿದರು. ಹುಡುಗ ಹಲ್ಲುನೋವು ಬಂದವನ ಹಾಗೆ ಮುಖ ಹಿಂಡಿದ. ಅವರು ನಕ್ಕು, “ಸೇರಿಸ್ಕೊಳ್ಳಿ,” ಎಂದು ಮಹಾಲಿಂಗಯ್ಯನವರಿಗೆ ಹೇಳಿದ್ದರು.

ಗೊರವನಹಳ್ಳಿಯಿಂದ ಬಂದ ಮೇಲೆ ಮುಜೀಬ ಮಾಡಿದ್ದು ಹುಡುಗರು ಮಾಡುವ ಕೆಲಸವನ್ನೇ. ಮುಚ್ಚಿಟ್ಟ. ಶೀತ ಎಂದ. ಧೂಳು ಎಂದ. ಅಮ್ಮ ಶಿರಾದಿಂದ ಕಳಿಸಿದ ಅತಿಮಧುರದ ಬೇರು, ಕಾಳುಮೆಣಸು, ಜೇನುತುಪ್ಪ ಎಲ್ಲವನ್ನೂ ತಿಂದ. ಎಲ್ಲರೂ ಸ್ನಾನಕ್ಕೆ ಹೋದಾಗ ಹಿತ್ತಲ ಗೋಡೆಗೆ ಮುಖ ಮಾಡಿ ಮೇಲಿನ ಷಡ್ಜವನ್ನು ಮತ್ತೆ ಮತ್ತೆ ಒದ್ದು ಹತ್ತಿಸಲು ನೋಡಿದ. ಹತ್ತಿಸಿದಷ್ಟೂ ಅದು ಜಾರಿತು. ಕತ್ತಿನ ನರ ಉಬ್ಬಿದವು. ಒಂದು ಬೆಳಿಗ್ಗೆ ಉಗುಳಿದಾಗ ಎಂಜಲಿನಲ್ಲಿ ಸಣ್ಣ ಕೆಂಪು ಎಳೆ ಕಾಣಿಸಿತು.

ಅದೇ ದಿನ ಪಾಠದಲ್ಲಿ ಶಾಂತಕುಮಾರಿ, “ನಿಲ್ಲಿಸು,” ಎಂದರು. ಗದರಲಿಲ್ಲ. ಉಳಿದ ಮಕ್ಕಳನ್ನು ಹೊರಗೆ ಕಳಿಸಿ, ಅವನ ಗಲ್ಲ ಹಿಡಿದು ಎತ್ತಿ ನೋಡಿದರು.

“ಎಷ್ಟು ದಿನದಿಂದ ಹಿಂಗೆ ಒತ್ತಿ ಹಾಡ್ತಿದೀಯ?”

ಮುಜೀಬ ಕಣ್ಣು ತಪ್ಪಿಸಿದ.

“ಗಂಟಲು ಒಡೆದಿದೆ ಕಣೋ. ಗಂಡುಹುಡುಗರಿಗೆಲ್ಲ ಒಡೀತದೆ. ಇದೇನು ರೋಗ ಅಲ್ಲ. ಆದ್ರೆ ನೀನು ಅದನ್ನ ರೋಗ ಮಾಡ್ಕೊಂಡಿದೀಯ.”

ಮಾರನೆಯ ದಿನ ಅವರು ಅವನನ್ನು ತುಮಕೂರಿನ ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಒಳಗೆ ಕ್ಯಾಮೆರಾ ಬಿಟ್ಟು ನೋಡಿ, ಊತ ಬಂದಿದೆ, ಕೆಲವು ವಾರ ಹಾಡುವುದಿರಲಿ, ಜೋರಾಗಿ ಮಾತಾಡುವುದೂ ಬೇಡ ಎಂದರು. ಮುಂದೆ ದನಿ ಯಾವಾಗ ನೆಲೆಗೊಳ್ಳುತ್ತದೆ ಎಂದು ಶಾಂತಕುಮಾರಿ ಮೇಡಮ್ ಕೇಳಿದ್ದಕ್ಕೆ, “ಕೆಲವರಿಗೆ ಆರು ತಿಂಗಳು, ಕೆಲವರಿಗೆ ಎರಡು ವರ್ಷ. ಹೇಳಕ್ಕಾಗಲ್ಲ ಅಮ್ಮಾ,” ಎಂದರು.

ಆ ಮಾತು ಮುಜೀಬನ ತಲೆಯಲ್ಲಿ ಕೂತುಬಿಟ್ಟಿತು. ಹಾಡಲಾಗದವನಿಗೆ ಸಂಗೀತ ಶಾಲೆಯಲ್ಲಿ ಏನು ಕೆಲಸ? ಆ ಶನಿವಾರ ಯಾರಿಗೂ ಹೇಳದೆ ಬ್ಯಾಗಿಗೆ ಬಟ್ಟೆ ತುರುಕಿ ಶಿರಾದ ಬಸ್ಸು ಹತ್ತಿದ.

ಮಗ ಬಂದದ್ದಕ್ಕೆ ಮನೆಯಲ್ಲಿ ಯಾರೂ ರಂಪ ಮಾಡಲಿಲ್ಲ. ಅಮ್ಮಿ ರಹೀಮುನ್ನೀಸಾ ಬಿಸಿ ಅನ್ನ, ದಾಲ್ಚಾ ಬಡಿಸಿ, ತಿಂದು ಮುಗಿಸುವವರೆಗೆ ಏನೂ ಕೇಳಲಿಲ್ಲ. ಹಬೀಬ್ ಸಾಬ್ ಮಾತ್ರ ಸಂಜೆ ಅಂಗಡಿಯಲ್ಲಿ ಕೇಳಿದ. “ಯಾರಾದ್ರೂ ಏನಾದ್ರೂ ಅಂದ್ರಾ ಬೇಟಾ?”

“ಇಲ್ಲ ಅಬ್ಬಾ. ನನ್ನ ಆವಾಜೇ ಹೋಯ್ತು.”

“ಹೋದ್ರೆ ಹೋಗ್ಲಿ. ನೀನು ಬಂದ್ಯಲ್ಲ, ಅಷ್ಟು ಸಾಕು. ಓದ್ಕೊಂಡು ಇಲ್ಲೇ ಇರು,” ಎಂದು ಹಬೀಬ್ ಸಾಬ್ ದಿಂಬಿನ ಗವಸು ಮಗನ ಕೈಗೆ ಕೊಟ್ಟ. ಅಪ್ಪನಿಗೆ ನಿಜವಾಗಿಯೂ ಖುಷಿಯಾಗಿತ್ತು. ಎರಡು ವರ್ಷದಿಂದ ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಮಗ ಈಗ ಪಕ್ಕದಲ್ಲಿ ಕೂತು ಹತ್ತಿ ತುಂಬುತ್ತಿದ್ದ. ಮುಜೀಬನಿಗೂ ಸುಖವೆನಿಸಬೇಕಿತ್ತು. ಆದರೆ ಎದುರಿನ ಮೊಬೈಲ್ ಅಂಗಡಿಯವನು ಹಾಡು ಹಾಕಿದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದ.

ವಾರ ತುಂಬುವ ಮೊದಲು ಶಾಂತಕುಮಾರಿ ಬಂದರು. ಒಬ್ಬರೇ, ಬಸ್ಸಿನಲ್ಲಿ, ದಾರಿ ಕೇಳಿಕೊಂಡು. ಅಂಗಡಿಯ ಬಾಗಿಲಲ್ಲಿ ನಿಂತು ಎರಡು ಸಲ ಸೀನಿದರು.

ಹಬೀಬ್ ಸಾಬ್ ಗಾಬರಿಯಿಂದ ಎದ್ದ. “ಇಲ್ಲಿ ನಿಂತ್ಕೋಬ್ಯಾಡಿ ಮೇಡಮ್ಮೋರೆ, ಹತ್ತಿ ಧೂಳು ನಿಮ್ಮ ಗಂಟ್ಲಿಗೆ ಆಗಾಕಿಲ್ಲ. ಮನೇಗೆ ಬನ್ನಿ, ಇಲ್ಲೇ ಹಿಂದ್ಗಡೆ.”

ಮನೆಯಲ್ಲಿ ರಹೀಮುನ್ನೀಸಾ ಚಾಪೆ ಹಾಸಿ, ಹುರಿದ ಕಡಲೆಬೀಜ ತಂದಿಟ್ಟು, ಟೀ ಕೊಟ್ಟಳು. ಮುಜೀಬ ಬಾಗಿಲ ಪರದೆಯ ಪಕ್ಕ ನೆಲ ನೋಡುತ್ತ ನಿಂತಿದ್ದ. ಮೇಡಮ್ ಕಡಲೆಬೀಜದ ಸಿಪ್ಪೆ ಉಜ್ಜಿ ಊದುತ್ತ, ಅವನ ಕಡೆ ನೋಡದೆಯೇ ಕೇಳಿದರು.

“ಹೇಳ್ದೆ ಬರಬಹುದಾ?”

“ಹಾಡಕ್ಕಾಗಲ್ಲ ಮೇಡಮ್.” ಆ ಮಾತೂ ಅರ್ಧ ಕೀರಲು, ಅರ್ಧ ಗೊಗ್ಗರು.

“ಅದು ನಂಗೂ ಗೊತ್ತು. ಹಾಡಿಸ್ಬೇಕು ಅಂತ ನಾನು ಬಂದಿಲ್ಲ. ಕೇಳಿಸ್ಬೇಕು ಅಂತ ಬಂದಿದೀನಿ. ಒಂದು ವರ್ಷ ಬಾಯಿ ಮುಚ್ಕೊಂಡು ಪಾಠದಲ್ಲಿ ಕೂರು. ಕೇಳು. ತಾಳ ಹಾಕು. ಎಲ್ಲಾ ಮಕ್ಕಳ ತಪ್ಪೂ ನಿಂಗೆ ಕೇಳಿಸ್ಬೇಕು.”

“ನನ್ನ ದನಿ ವಾಪಸ್ ಬರ್ತದಾ?”

ಅವರು ಈಗ ಅವನನ್ನು ನೋಡಿದರು. “ಇಲ್ಲ ಕಣಪ್ಪ. ಸುಳ್ಳು ಹೇಳಲ್ಲ. ಆ ದನಿ ಹೋಯ್ತು, ಅದು ಬರಲ್ಲ. ಬೇರೆದು ಬರ್ತದೆ. ಹೆಂಗಿರ್ತದೋ ನಂಗೂ ಗೊತ್ತಿಲ್ಲ. ಆದ್ರೆ ಅದು ಬಂದಾಗ ಬಾಗಿಲು ತೆಗೆಯೋಕೆ ಮನೇಲಿ ನೀನು ಇರ್ಬೇಕಲ್ಲ?”

ರಹೀಮುನ್ನೀಸಾ ಮಗನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಹಬೀಬ್ ಸಾಬ್ ಅಂಗಿಗೆ ಅಂಟಿದ್ದ ಹತ್ತಿ ಕಿತ್ತು, “ಹುಡುಗ ಇಲ್ಲಿದ್ರೆ ನಂಗೆ ಚೆಂದ ಮೇಡಮ್ಮೋರೆ. ಆದ್ರೆ ಅವ್ನು ಚೆನ್ನಾಗಿಲ್ಲ. ಕರ್ಕೊಂಡೋಗಿ,” ಎಂದ. ಹಾಗೆ ಹೇಳಲು ಅಪ್ಪನಿಗೆ ಎಷ್ಟು ಕಷ್ಟವಾಗಿತ್ತೆಂದು ಮುಜೀಬನಿಗೆ ಆಗ ತಿಳಿಯಲಿಲ್ಲ. ತಿಳಿಯಲು ಕೆಲವು ವರ್ಷ ಬೇಕಾಯಿತು.

ಮಧುಗಿರಿಗೆ ಮರಳಿದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಹಾಡುಗಾರಿಕೆಯ ಸೀಟಿನಲ್ಲಿರುವ ಮಕ್ಕಳು ಜನವರಿಯ ಪರೀಕ್ಷೆಯಲ್ಲಿ ಹಾಡಲೇಬೇಕೆಂದು ಶಾಲೆಯ ನಿಯಮ. ಟ್ರಸ್ಟಿನ ಅಧ್ಯಕ್ಷ ಬಸವಲಿಂಗಯ್ಯ ಕಡಲೆಕಾಯಿ ಎಣ್ಣೆ ಮಿಲ್ಲಿನ ಮಾಲೀಕರು, ಕೆಟ್ಟವರಲ್ಲ, ಆದರೆ ನಿಯಮದ ಮನುಷ್ಯ. “ಇರೋ ಸೀಟೇ ಕಮ್ಮಿ ಶಾಂತಮ್ಮ. ಪಾವಗಡದ ಕಡೆಯಿಂದ ಒಂದು ಕುರಿಯೋರ ಮಗು ಕಾಯ್ತಾ ಕೂತೈತೆ. ಹಾಡೋ ಮಗೂನ ಹೊರಗೆ ನಿಲ್ಸಿ, ಹಾಡದಿರೋನ್ನ ಒಳಗೆ ಇಟ್ಕಂಡ್ರೆ ನ್ಯಾಯನಾ?” ಎಂದರು.

ಅದು ನ್ಯಾಯವಲ್ಲವೆಂದು ಶಾಂತಕುಮಾರಿಗೂ ಗೊತ್ತಿತ್ತು. ಅವರು ವಾದಿಸಲಿಲ್ಲ.

“ಸೀಟು ಆ ಮಗುವಿಗೇ ಕೊಡಿ. ಇವನು ನಮ್ಮನೇಲಿರ್ತಾನೆ. ಪಾಠದಲ್ಲಿ ಬಂದು ಕೂರಕ್ಕೆ ನಿಮ್ಮ ಅಡ್ಡಿ ಇಲ್ಲ ತಾನೆ?”

“ಏ, ಅದಕ್ಯಾಕಮ್ಮ ಅಡ್ಡಿ!” ಎಂದ ಬಸವಲಿಂಗಯ್ಯನವರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿರಬೇಕು. ಮಾರನೆಯ ದಿನ ಅವರ ಮಿಲ್ಲಿನಿಂದ ಮೇಡಮ್ ಮನೆಗೆ ಎಣ್ಣೆಯ ಡಬ್ಬ ಬಂತು. ಆಮೇಲೆ ಪ್ರತಿ ತಿಂಗಳೂ ಬರುತ್ತಿತ್ತು.

ಹೀಗೆ ಮುಜೀಬ ಶಾಂತಕುಮಾರಿಯ ಮನೆಯವನಾದ. ಕೊರಟಗೆರೆ ರಸ್ತೆಯಲ್ಲಿ ಎರಡು ಕೋಣೆಯ ಮನೆ. ಅಂಗಳಕ್ಕೆ ಬಂದರೆ ಮಧುಗಿರಿಯ ಬೆಟ್ಟ ಇಡೀ ಆಕಾಶವನ್ನು ತಾನೇ ಹಿಡಿದುಕೊಂಡಂತೆ ನಿಂತಿರುತ್ತಿತ್ತು. ಮೇಡಮ್ ಗಂಡ ಸಂಜೀವಯ್ಯ ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಸಂಗೀತ ಒಂದಿಷ್ಟೂ ತಿಳಿಯದು ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಅಡುಗೆ ಅವರದೇ. ಮೊದಲ ದಿನವೇ ಮುಜೀಬನ ತಟ್ಟೆಗೆ ಮುದ್ದೆ ಇಟ್ಟು, ಹುರುಳಿ ಸಾರು ಸುರಿದು, “ಈ ಮನೇಲಿ ಮಾತಾಡ್ದೆ ಇರೋನು ಒಬ್ಬ ಬೇಕಾಗಿತ್ತು ಕಣ್ಲಾ. ಒಳ್ಳೇ ಟೈಮಿಗೆ ಬಂದ್ಬುಟ್ಟೆ,” ಎಂದರು. ತುಂಬ ದಿನಗಳ ಮೇಲೆ ಮುಜೀಬ ನಕ್ಕ.

ಅವನ ಸೀಟಿಗೆ ಬಂದ ಮಗುವಿನ ಹೆಸರು ಮಾನಸ. ಏಳನೆಯ ತರಗತಿಯವಳಾದರೂ ನೋಡಲು ಬಹಳ ಚಿಕ್ಕವಳು. ಕುರಿಮಂದೆಯ ಹಿಂದೆ ಬೆಳೆದು ದನಿ ಬಯಲಷ್ಟು ಅಗಲವಾಗಿತ್ತು. ಶ್ರುತಿ ಮಾತ್ರ ಬೇಲಿ ಹಾರಿ ಹೋಗುತ್ತಿತ್ತು. ಅರ್ಧ ತೆಲುಗು, ಅರ್ಧ ಕನ್ನಡ. ಎರಡನೆಯ ದಿನವೇ ಮುಜೀಬನ ಎದುರು ಬಂದು ನಿಂತಳು.

“ಅನ್ನಾ, ನೀ ಸೀಟೇ ನಂಗೆ ಕೊಟ್ರಂತೆ ಕದಾ? ಕೋಪಮಾ ನಿಂಗೆ?”

ಕೋಪವಿತ್ತು. ಆದರೆ ಹೀಗೆ ನೇರ ಕೇಳಿದವಳ ಮುಂದೆ ಅದನ್ನು ಇಟ್ಟುಕೊಳ್ಳುವುದು ಹೇಗೆ? ಅವನು ತಲೆ ಅಲ್ಲಾಡಿಸಿದ. ಅಂದಿನಿಂದ ಮೇಡಮ್ ಅವಳನ್ನು ಅವನ ಎದುರಿಗೇ ಕೂರಿಸಿದರು. ಅವಳ ಸ್ವರ ಕೆಳಗೆ ಬಿದ್ದರೆ ಮುಜೀಬ ಹುಬ್ಬು ಎತ್ತುತ್ತಿದ್ದ, ಮೇಲೆ ಹೋದರೆ ಅಂಗೈ ಇಳಿಸುತ್ತಿದ್ದ, ಸರಿಯಾಗಿ ಕೂತರೆ ಕಣ್ಣು ಮುಚ್ಚುತ್ತಿದ್ದ. ಅವನ ಕಣ್ಣು ಮುಚ್ಚಿಸುವುದೇ ಅವಳಿಗೆ ಆಟವಾಯಿತು. ಬೇಸಿಗೆಯ ಹೊತ್ತಿಗೆ ಸರಳೆವರಸೆ ಪೂರ್ತಿ ಅವನು ಕಣ್ಣು ಮುಚ್ಚಿಕೊಂಡೇ ಕೇಳುವಂತಾಯಿತು. ಒಂದು ಮಗುವನ್ನು ದನಿಯಿಲ್ಲದೆ ಶ್ರುತಿಗೆ ತಂದೆನೆಂದು ಅವನಿಗೆ ಒಳಗೊಳಗೇ ಹೆಮ್ಮೆ.

ಅಷ್ಟರಲ್ಲಿ ಅವನು ಇನ್ನೊಂದನ್ನು ಗಮನಿಸಿದ್ದ. ಮನೆಯಲ್ಲಿ ಮೇಡಮ್ ಶ್ರುತಿಪೆಟ್ಟಿಗೆಯನ್ನು, ಅದರ ಮೇಲಿನ ಶ್ರುತಿಯ ಅಂಕಿ ಕಾಣದಂತೆ, ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದರು. ಅದರ ಶ್ರುತಿ ಮೆಲ್ಲಗೆ, ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. ಪೆಟ್ಟಿಗೆಯ ಮುಖ ಮುಚ್ಚಿದರೆ ಅವನ ಕಿವಿ ಮುಚ್ಚುತ್ತದೆಯೇ? ಒಮ್ಮೆ ಕೇಳಿಯೂ ಕೇಳಿದ. “ನಂಗೂ ವಯಸ್ಸಾಯ್ತಲ್ಲಪ್ಪ, ಮೇಲಕ್ಕೆ ಹೋಗಕ್ಕಾಗಲ್ಲ,” ಎಂದು ಅವರು ಮಾತು ತೇಲಿಸಿಬಿಟ್ಟರು.

ಬೇಸಿಗೆ ಶುರುವಾಗುವ ಹೊತ್ತಿಗೆ ರಂಜಾನ್ ಬಂತು. ಉಪವಾಸ ಹಿಡಿಯುತ್ತೇನೆಂದು ಮುಜೀಬ ಹೇಳಿದಾಗ ಸಂಜೀವಯ್ಯ, “ಬೆಳಕು ಹರಿಯೋದ್ರೊಳಗೆ ಉಣ್ಬೇಕು ಅಷ್ಟೇ ತಾನೆ? ಮೊದ್ಲನೇ ಬಸ್ಸಿಗೆ ಎದ್ದೂ ಎದ್ದೂ ಈ ಜೀವಕ್ಕೆ ಅದೇ ಅಭ್ಯಾಸ. ನಾನು ಮಾಡ್ಕೊಡ್ತೀನಿ ಸುಮ್ಕಿರು,” ಎಂದರು. ದಿನಾ ನಸುಕಿಗೆ ಮೊದಲೇ ಎದ್ದು ರೊಟ್ಟಿ ತಟ್ಟಿ, ಮೊಸರು ಚಟ್ನಿ ಇಟ್ಟು, “ಸೆಹರಿ ಸೆಹರಿ, ಶಿರಾ ಪಾವಗಡ ಸೆಹರಿ!” ಎಂದು ಬಸ್‌ಸ್ಟ್ಯಾಂಡಿನ ದನಿಯಲ್ಲಿ ಕೂಗಿ ಎಬ್ಬಿಸುತ್ತಿದ್ದರು.

ಒಂದು ದಿನ ಆ ಕೂಗಿಗೆ ಮೊದಲೇ ಮುಜೀಬನಿಗೆ ಎಚ್ಚರವಾಯಿತು. ಕೈಕಾಲು ತೊಳೆಯಲು ಹಿತ್ತಲಿಗೆ ಹೊರಟವನು ಬಾಗಿಲಲ್ಲೇ ನಿಂತ. ಕತ್ತಲಲ್ಲಿ ಯಾರೋ ನರಳಿದ ಹಾಗೆ ದನಿ. ಒರಟು, ತಗ್ಗು, ನಡುವೆ ನಡುವೆ ಒಡೆದು ನಿಂತುಹೋಗುವ ದನಿ. ಥೇಟ್ ತನ್ನದೇ ಕೆಟ್ಟ ಗಂಟಲಿನಂಥದ್ದು. ಯಾರಿದು ಎಂದು ಕಣ್ಣು ಕಿರಿದು ಮಾಡಿ ನೋಡಿದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ, ತಲೆಗೆ ಶಾಲು ಹೊದ್ದು, ಶ್ರುತಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಡಮ್ ಕೂತಿದ್ದರು. ಷಡ್ಜದಿಂದ ಕೆಳಕ್ಕೆ, ಮಂದ್ರಕ್ಕೆ ಇಳಿಯುತ್ತಿದ್ದರು. ಒಂದೊಂದೇ ಸ್ವರ, ಕತ್ತಲ ಬಾವಿಗೆ ಮೆಟ್ಟಿಲು ತಡವಿಕೊಂಡು ಇಳಿದ ಹಾಗೆ. ಪಂಚಮದ ಹತ್ತಿರ ಬಂದರೆ ದನಿ ಗಾಳಿಯಾಗಿ ಹೋಗುತ್ತಿತ್ತು. ಕೆಮ್ಮಿ, ಬಿಸಿನೀರು ಕುಡಿದು, ಮತ್ತೆ ಶುರು.

ಮುಜೀಬ ಸದ್ದಾಗದಂತೆ ಅಡುಗೆಮನೆಗೆ ಬಂದ. ಸಂಜೀವಯ್ಯ ಹಂಚಿನ ಮುಂದೆ ನಿಂತಿದ್ದರು.

“ಮಾಮ, ಮೇಡಮ್ ಗಂಟಲು ಕೆಟ್ಟಿದೆಯಾ?”

“ಕೆಟ್ಟಿಲ್ಲ. ಕೆಡಿಸ್ಕತಾವ್ಳೆ,” ಎಂದು ಅವರು ರೊಟ್ಟಿ ಮಗುಚಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು. “ನಾನು ಹೇಳ್ದೆ ಅಂತ ಹೇಳ್ಬ್ಯಾಡ. ನಾಳೆ ನಿಂಗೆ ಗಂಡಸರ ದನಿ ಬಂದ್ರೆ, ಆ ಕೆಳಗಿನ ಶ್ರುತೀಲಿ ಪಾಠ ಹೇಳೋರು ಯಾರು? ಇವಳದ್ದು ಹೆಣ್ಣು ಗಂಟ್ಲು, ಮೇಲಿಂದು. ಮೈಸೂರಿನಾಗೆ ಯಾರಾದ್ರೂ ವಿದ್ವಾಂಸರತ್ರ ಕಳ್ಸು ಅಂದೆ. ‘ಈಗ ಕಳ್ಸಿದ್ರೆ ಹುಡುಗ ಹೆದ್ರಿ ಸಂಗೀತಾನೇ ಬುಟ್ಬುಡ್ತಾನೆ. ದನಿ ಬರೋತಂಕ ನನ್ ಕಣ್ಮುಂದೆ ಇರ್ಲಿ. ಅವನ ಶ್ರುತಿ ಎಲ್ಲಿಗೆ ಇಳೀತದೋ ಅಲ್ಲಿಗೆ ನಾನೇ ಇಳೀತೀನಿ’ ಅಂದ್ಲು. ಅವತ್ತಿಂದ ಇದೇ ಕಣಪ್ಪ. ಕೆಳಗೆ ಇಳಿಯೋಕೋಗಿ ಮೇಲಿನ ದನಿ ಮಂಕಾಗೈತಂತೆ. ಈ ವರ್ಷದ ರೇಡಿಯೋ ಕಚೇರೀನೂ ಬ್ಯಾಡ ಅಂದ್ಬುಟ್ಲು.”

ಮುಜೀಬ ಗೋಡೆಗೆ ಒರಗಿ ನಿಂತ. ಇಷ್ಟು ದಿನ ತನ್ನ ದನಿ ಹೋಯಿತು, ತನ್ನ ಸೀಟು ಹೋಯಿತು ಎಂದು ಎಣಿಸುತ್ತಿದ್ದವನಿಗೆ, ತನಗಾಗಿ ಇನ್ನೊಬ್ಬರು ತಮ್ಮ ದನಿಯನ್ನೇ ಇಳಿಸುತ್ತಿದ್ದಾರೆ ಎಂಬುದು ಎದೆಗೆ ಬಂದು ಹಾಯಿತು. ಬಡಿಸಿದ ರೊಟ್ಟಿ ಮುಟ್ಟಲಿಲ್ಲ. ಸಂಜೀವಯ್ಯ ತಟ್ಟೆ ಮುಂದಕ್ಕೆ ತಳ್ಳಿ, “ಉಣ್ಲಾ. ಹಸ್ಕೊಂಡು ಇದ್ರೆ ಅವಳು ನಂಗೆ ಬಯ್ತಾಳೆ,” ಎಂದರು.

ಮಾರನೆಯ ದಿನ ಸೆಹರಿ, ನಮಾಜು ಮುಗಿಸಿ ಮುಜೀಬ ಚಾಪೆ ತೆಗೆದುಕೊಂಡು ಹಿತ್ತಲಿಗೆ ಹೋದ. ಕಲ್ಲಿನ ಪಕ್ಕ ಹಾಸಿಕೊಂಡು ಕೂತ. ಮೇಡಮ್ ಹಾಡುವುದು ನಿಲ್ಲಿಸಿ ಅವನನ್ನು ನೋಡಿದರು. ಶ್ರುತಿಪೆಟ್ಟಿಗೆಯನ್ನು ಇಬ್ಬರ ನಡುವೆ ಇಟ್ಟು, ಮತ್ತೆ ಇಳಿಯತೊಡಗಿದರು. ಅಂದಿನಿಂದ ಅದು ಅವರಿಬ್ಬರ ದಿನಚರಿಯಾಯಿತು. ರಂಜಾನ್ ಮುಗಿಯಿತು, ಶಾಲೆಗೆ ರಜೆ ಬಂತು, ಮುಂಗಾರಿನ ಮೊದಲ ಮಳೆ ಬಂದು ಹೋಯಿತು, ಅವನು ಹತ್ತನೆಯ ತರಗತಿಗೆ ಬಂದ. ಬೆಳಗಿನ ಆ ಕೂಟ ಮಾತ್ರ ತಪ್ಪಲಿಲ್ಲ. ಊತ ವಾಸಿಯಾಗಿದೆ, ಮೆಲ್ಲಗೆ ಗುನುಗಬಹುದು ಎಂದು ಡಾಕ್ಟರು ಹೇಳಿದ್ದರೂ ಅವನಿಗೆ ಧೈರ್ಯ ಬಂದಿರಲಿಲ್ಲ. ಕೇಳುತ್ತಿದ್ದ, ಅಷ್ಟೇ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಅದು ಆಯಿತು. ಮೇಡಮ್ ಎಂದಿನಂತೆ ಮಂದ್ರ ಪಂಚಮಕ್ಕೆ ಇಳಿದರು. ಎಂದಿನಂತೆ ಅಲ್ಲಿ ಅವರ ಉಸಿರು ಮುಗಿಯಿತು. ಆದರೆ ಸ್ವರ ನಿಲ್ಲಲಿಲ್ಲ. ಪಂಚಮ ಹಾಗೇ ಮುಂದುವರಿಯಿತು, ತುಂಬಿಕೊಂಡು, ದಪ್ಪಗೆ, ಅಲುಗದೆ. ಮುಜೀಬ ಪಕ್ಕಕ್ಕೆ ತಿರುಗಿ ನೋಡಿದ, ಯಾರು ಹಾಡುತ್ತಿದ್ದಾರೆ ಎಂದು. ಮೇಡಮ್ ತುಟಿ ಮುಚ್ಚಿತ್ತು. ಅವರ ಕಣ್ಣು ಅವನ ಮೇಲಿತ್ತು. ಆಗ ತಿಳಿಯಿತು, ಬಾಯಿ ತೆರೆದಿರುವುದು ತನ್ನದೆಂದು.

“ಬಿಡಬೇಡ,” ಎಂದರು ಮೇಡಮ್ ಪಿಸುದನಿಯಲ್ಲಿ. “ಹಾಗೇ ಇರು. ಒತ್ತಬೇಡ. ಈಗ ಷಡ್ಜಕ್ಕೆ ಬಾ.”

ಅವನು ಬಂದ. ಷಡ್ಜ ಅವನಿಗಾಗಿ ಕಾದು ಕೂತಿದ್ದ ಹಾಗೆ ಸಿಕ್ಕಿತು. ಅಲ್ಲಿಂದ ರಿಷಭ, ಗಾಂಧಾರ. ಮಧ್ಯಮದಲ್ಲಿ ಒಂದಿಷ್ಟು ಕೊಸರಿತು, ಪಂಚಮದ ಮೇಲೆ ಹೋಗಲು ಅವರೇ ಬಿಡಲಿಲ್ಲ. “ಇವತ್ತಿಗೆ ಸಾಕು,” ಎಂದು ಎದ್ದವರು ಒಳಗೆ ಹೋಗದೆ, ಶಾಲಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತ ಅಲ್ಲೇ ನಿಂತರು. ಅಡುಗೆಮನೆಯ ಕಿಟಕಿಯಿಂದ ಸಂಜೀವಯ್ಯನವರ ದನಿ ಬಂತು. “ಯಾರ್ಲಾ ಅದು ಹಿತ್ತಲಲ್ಲಿ? ಯಾವನೋ ದೊಡ್ಡ ಗಂಡಸು ಬಂದಂಗೈತಲ್ಲ!”

ಆ ಸಂಜೆ ಪಾಠದಲ್ಲಿ ಮಾನಸ ಓಡಿಬಂದು, “ಅನ್ನಾ, ಗೊಂತು, ಹೊಸ ದನಿ ಬಂತಂತೆ? ಏದಿ, ತೋರ್ಸು!” ಎಂದು ಅವನ ಬಾಯೊಳಗೆ ಬಗ್ಗಿ ನೋಡಿದಳು. ಮಹಾಲಿಂಗಯ್ಯ ಮೇಷ್ಟ್ರು ಪಿಟೀಲಿನ ತಂತಿಗಳನ್ನು ಇಳಿಸಿ, ಹೊಸ ಶ್ರುತಿಗೆ ಕೂಡಿಸಿಕೊಂಡು, ಅವನ ಪಕ್ಕ ಬಂದು ಕೂತರು.

ಹೊಸ ದನಿ ಹಳೆಯದರಷ್ಟು ಸುಲಭವಾಗಿ ಏರುತ್ತಿರಲಿಲ್ಲ. ಅದನ್ನು ಕೆಲಸಕ್ಕೆ ಹಚ್ಚಲು ಎರಡು ವರ್ಷ ಹಿಡಿಯಿತು. ಹಳೆಯ ವರ್ಣಗಳನ್ನು ಮೊದಲಿನಿಂದ ಕಲಿಯಬೇಕಾಯಿತು. ಆದರೆ ಕಿವಿ ಕೂತು ಕಲಿತಿದ್ದೆಲ್ಲ ಈಗ ಕೈಗೆ ಬಂತು. ಮಕ್ಕಳೆಲ್ಲರ ತಪ್ಪು ಕೇಳಿ ಕೇಳಿ, ತನ್ನದು ಎಲ್ಲಿ ತಪ್ಪಬಹುದು ಎಂದು ಹೆಜ್ಜೆಗೆ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. ಬಕ್ರೀದಿಗೆ ಊರಿಗೆ ಹೋದಾಗ ಅಮ್ಮಿ ಕೇಳಿದ್ದಕ್ಕೆ ಭೈರವಿಯನ್ನು ಸ್ವಲ್ಪ ಎತ್ತಿದ. ರಹೀಮುನ್ನೀಸಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, “ಯಾ ಅಲ್ಲಾ, ಇದು ನಮ್ಮ ಅಬ್ಬಾನ ಆವಾಜು,” ಎಂದು ಬಾಗಿಲಲ್ಲೇ ಕೂತುಬಿಟ್ಟಳು. ಅವಳ ಅಪ್ಪ ತೀರಿಕೊಂಡು ಮುಜೀಬನ ವಯಸ್ಸಿನಷ್ಟೇ ವರ್ಷವಾಗಿತ್ತು. ಮಗನ ಹಳೆಯ ದನಿಯನ್ನು ಊರೆಲ್ಲ ಹೊಗಳಿದಾಗಲೂ ಆಕೆ ಹೀಗೆ ಕರಗಿದ್ದಿಲ್ಲ.

ಪಿಯುಸಿ ಮುಗಿಸಿ ಮೈಸೂರಿನ ಸಂಗೀತ ಕಾಲೇಜಿನ ಸಂದರ್ಶನಕ್ಕೆ ಮುಜೀಬ ಹೊರಟಾಗ ಜೊತೆಗೆ ಹಬೀಬ್ ಸಾಬ್ ಬಂದ. ಒಳಗೆ ಮೂವರು ಹಿರಿಯರು ಕೂತಿದ್ದರು. ಮುಜೀಬ ಭೈರವಿಯ ಆಲಾಪನೆಯನ್ನು ಕೆಳಗಿನಿಂದ ಶುರು ಮಾಡಿದ. ಮಂದ್ರದಲ್ಲಿ ಅವಸರವಿಲ್ಲದೆ ಓಡಾಡಿ, ಆಮೇಲೆ ಮೇಲೆ ಬಂದ. ನಡುವೆ ಕೂತಿದ್ದ ಬಿಳಿಗೂದಲಿನ ವಿದ್ವಾಂಸರು ಮುಂದಿನ ಹುಡುಗನ ಹೆಸರು ಕರೆಯದೆ ಕೇಳಿದರು.

“ಮಂದ್ರ ಸ್ಥಾಯಿ ಯಾರ ಹತ್ರ ಕಲ್ತೆ? ಗುರುಗಳು ಯಾರು?”

“ಶಾಂತಕುಮಾರಿ ಮೇಡಮ್ ಸಾರ್. ಮಧುಗಿರಿ.”

“ಹೆಣ್ಣುಮಕ್ಕಳಾ?” ಅವರು ಕನ್ನಡಕ ತೆಗೆದರು. “ಈ ಶ್ರುತಿಯಲ್ಲಿ ಅವರು ಹೆಂಗೆ ಹೇಳ್ಕೊಟ್ರು?”

ಮುಜೀಬ ಹೇಳಿದ. ಒಗೆಯುವ ಕಲ್ಲು, ಶಾಲು, ಬಿಸಿನೀರು, ಬಿಟ್ಟುಕೊಟ್ಟ ರೇಡಿಯೋ ಕಚೇರಿ ಎಲ್ಲವನ್ನೂ ಹೇಳಿದ. ಇದನ್ನು ಅವನು ಯಾರಿಗೂ ಹೀಗೆ ಬಾಯಿಬಿಟ್ಟು ಹೇಳಿರಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಳಿಗೂದಲಿನವರು, “ನೀನು ಸೇರ್ಕೊಂಡ ಹಾಗೇ ಅಂತ ಇಟ್ಕೋ. ಅವರಿಗೆ ನನ್ನ ನಮಸ್ಕಾರ ಹೇಳು, ಮರೀಬೇಡ,” ಎಂದರು.

ಹೊರಗೆ ಬಂದು ಮರದ ಕೆಳಗೆ ನಿಂತು ಫೋನ್ ಮಾಡಿದ. ಎತ್ತಿದವರು ಸಂಜೀವಯ್ಯ. “ಸೀಟು ಸಿಕ್ತಾ ಇಲ್ವಾ ಮೊದ್ಲು ಹೇಳ್ಲಾ, ಹಾಲು ಒಲೆ ಮೇಲೈತೆ!” ಎಂದರು. ಸಿಕ್ಕಿತು ಎಂದದ್ದೇ ತಡ, “ಲೇ ಶಾಂತಾ!” ಎಂಬ ಕೂಗು ಕೇಳಿ ಫೋನು ಕೈ ಬದಲಾಯಿತು.

“ಉಂಡ್ಯಾ?” ಎಂದರು ಮೇಡಮ್. ಅವರು ಮೊದಲು ಕೇಳುತ್ತಿದ್ದುದೇ ಅದು.

“ಮೇಡಮ್, ನೀವು ಅವತ್ತು ಶಿರಾಕ್ಕೆ ಬರದೇ ಇದ್ದಿದ್ರೆ...”

“ಸಾಕು ಸಾಕು. ಮೊದ್ಲು ಅಬ್ಬಾನ ಕರ್ಕೊಂಡು ಹೋಗಿ ಊಟ ಮಾಡು.”

ಪ್ರತಿ ಸಲವೂ ಹೀಗೇ. ಹೊಗಳಿಕೆ, ಕೃತಜ್ಞತೆ ಏನೇ ಬಂದರೂ ಅವರು ಅರ್ಧದಲ್ಲೇ ತುಂಡರಿಸಿಬಿಡುತ್ತಿದ್ದರು. ಪ್ರತಿ ಸಲವೂ ಮುಜೀಬ ಸುಮ್ಮನಾಗುತ್ತಿದ್ದ. ಇಂದು ಆಗಲಿಲ್ಲ.

“ಇಲ್ಲ ಮೇಡಮ್, ಕೇಳ್ಬೇಕು ನೀವು. ನೀವೇ ಹೇಳ್ಕೊಟ್ಟಿದ್ದಲ್ವಾ ಕೇಳೋದು? ನೀವು ಬರದೇ ಇದ್ದಿದ್ರೆ ನಾನು ಸಂಗೀತದ ಕಡೆ ತಲೆ ಹಾಕ್ತಿರಲಿಲ್ಲ. ನನ್ನ ದನಿ ಬಂದದ್ದು ನನ್ನಿಂದಲ್ಲ. ನೀವು ಹಿತ್ತಲಲ್ಲಿ ಕೂತು ದಿನಾ ಕೆಮ್ಮಿದ್ದು ನಂಗೆ ಗೊತ್ತು. ರೇಡಿಯೋ ಬಿಟ್ಟಿದ್ದೂ ಗೊತ್ತು. ಅದನ್ನ ಯಾವತ್ತೂ ಹೇಳಕ್ಕೆ ಬಿಡ್ಲಿಲ್ಲ ನೀವು. ಇವತ್ತು ಹೇಳ್ತಿದೀನಿ. ನಿಮ್ಮ ಋಣ ದೊಡ್ದು ಮೇಡಮ್.”

ಆ ಕಡೆಯಿಂದ ಮೂಗು ಏರಿಸಿದ ಸದ್ದು ಬಂತು. ಹಾಲು ಉಕ್ಕಿ ಸುಯ್ ಎಂದದ್ದು, ಸಂಜೀವಯ್ಯ ಏನೋ ಬಯ್ದುಕೊಂಡದ್ದು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು.

ಹಬೀಬ್ ಸಾಬ್ ಹತ್ತಿರ ಬಂದ. “ಏನಂದ್ರು?”

“ಏನೂ ಹೇಳ್ಲಿಲ್ಲ ಅಬ್ಬಾ. ಅಳ್ತಾ ಇದ್ರು ಅನ್ಸುತ್ತೆ.”

ಹಬೀಬ್ ಸಾಬ್ ಟೋಪಿ ಸರಿಮಾಡಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು, ಯಾರೋ ದೊಡ್ಡವರ ಮನೆಯ ಬಾಗಿಲಲ್ಲಿ ನಿಂತವನ ಹಾಗೆ ನೆಟ್ಟಗಾದ. ಕೈ ಚಾಚಿದ.

“ಇನ್ನೊಂದ್ಸಲ ಫೋನು ಹಚ್ಚು ಬೇಟಾ. ನಾನೂ ಮಾತಾಡ್ಬೇಕು.”